ಬಾಯೊಳಗಿನ ಏಕಾದಶಿ

ನನ್ನ ಅತ್ತೆಯ ಮೇಲ್ದವಡೆಯ ಎರಡು ಮುಂದಿನ ಹಲ್ಲು ಅಲ್ಲಾಡುತ್ತಿವೆ ಎಂಬುದು ಮನೆಯವರಿಗಿಂತ ಮೊದಲು ಊರಿಗೆ ಗೊತ್ತಾಯಿತು. ಇಂಡಿ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ಗುರುವಾರ ಸಂಜೆ ಹತ್ತು ಹನ್ನೆರಡು ಹೆಣ್ಣುಮಕ್ಕಳು ಸೇರುತ್ತಾರೆ. ಪಕ್ಕದ ಸಾಲೋಟಗಿಯಿಂದ ಆಟೋ ಮಾಡಿಕೊಂಡು ಬರುವವರೂ ಇದ್ದಾರೆ. ಅತ್ತೆ ಅವರಿಗೆ ಸ್ತೋತ್ರ ಹೇಳಿಕೊಡುತ್ತಾರೆ. 'ಸ' ಎನ್ನುವಲ್ಲಿ 'ಶ' ಎಂದರೆ ಮುಗಿಯಿತು, ಆ ಸಾಲನ್ನು ಹತ್ತು ಸಲ ಹೇಳಬೇಕು. ಆ ಗುರುವಾರ ಅತ್ತೆಯ ಬಾಯಿಂದಲೇ 'ಸ' ಬರುವ ಜಾಗದಲ್ಲಿ ಸಿಳ್ಳೆ ಬಂತು. ಯಾರೂ ನಗಲಿಲ್ಲ, ಅದರಿಂದಲೇ ಅವರಿಗೆ ಹೆಚ್ಚು ನೋವಾಯಿತು. ಪಾಠ ಅರ್ಧಕ್ಕೇ ಮುಗಿಸಿ ಅಡುಗೆಮನೆಗೆ ಬಂದು ಕೂತರು.

"ಹಲ್ಲು ಬಿದ್ರ ನಾ ಏನ ಹೇಳಿಕೊಡ್ಲಿ? ಪಾಠ ಬಂದ್ ಮಾಡೋದ ಛಲೋ," ಎಂದರು.

ಮಾವ ತೀರಿಹೋದ ಮೇಲೆ ಈ ಪಾಠವೇ ಅವರಿಗೆ ವಾರ ಪೂರ್ತಿಯ ಕಸುವು. ನನ್ನ ನಾಲಿಗೆ ಸಂಕಟವನ್ನೂ ಸಿಟ್ಟಾಗಿಯೇ ಹೊರಗೆ ಹಾಕುತ್ತದೆ. "ಹಲ್ಲು ಬೀಳೋತನಕ ಸುಮ್ಮನ ಕೂತಿರಲ್ಲ!" ಎಂದು ರೇಗಿ, ಮರುದಿನವೇ ಅವರನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸಿಂದಗಿ ಕಡೆಯ ಹುಡುಗಿ, ನಮ್ಮ ಓಣಿಯ ತುದಿಯಲ್ಲಿ ಹೊಸದಾಗಿ ದವಾಖಾನೆ ತೆರೆದಿದ್ದಳು.

"ಒಸಡು ಸಡಿಲ ಆಗ್ಯಾವ್ರಿ ಅಮ್ಮಾರ, ಹಲ್ಲಿಗೆ ಕಿಟ್ಟ ಭಾಳ ಕುಂತೈತಿ. ದಿನಾ ತಿಕ್ತೀರೇನ್ರಿ?"

"ತಿಕ್ಕೋ ದಿನ ತಪ್ಪದ ತಿಕ್ತೇನಿ," ಎಂದರು ಅತ್ತೆ ಘನತೆಯಿಂದ.

ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಅತ್ತೆಯ ಶಾಸ್ತ್ರದ ಪ್ರಕಾರ ಏಕಾದಶಿಗೆ ಹಲ್ಲು ತಿಕ್ಕುವಂತಿಲ್ಲ, ಹನ್ನೆರಡು ಸಲ ಬಾಯಿ ಮುಕ್ಕಳಿಸಿದರೆ ಸಾಕು. ಅಮಾವಾಸ್ಯೆಗೂ ಹಾಗೇ. ಷಷ್ಠಿ, ನವಮಿ, ರವಿವಾರ, ಮನೆಯ ಶ್ರಾದ್ಧದ ದಿನಗಳೂ ಅಷ್ಟೇ. ಬೆರಳು ಮಡಚಿದೆ, ತಿಂಗಳಲ್ಲಿ ಹನ್ನೊಂದು ಹನ್ನೆರಡು ದಿನ ಪಂಚಾಂಗದ ಪಾಲು. ಡಾಕ್ಟರು ಕಿಟ್ಟ ತೆಗೆದರು, ಮೂರು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಹಲ್ಲು ಬಿಗಿಯದಿದ್ದರೆ ಕೀಳುವುದೇ.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಎಲ್ಲರ ಬಾಯಲ್ಲೂ ಬ್ಯಾಕ್ಟೀರಿಯಾ ಇವೆ, ಬಹಳಷ್ಟು ಯಾರ ತಂಟೆಗೂ ಬಾರದವು ಎಂದು ಪ್ರತಿ ವರ್ಷ ಹೇಳುತ್ತೇನೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಒಂದೇ ದಿನದಲ್ಲಿ ಹಲ್ಲಿನ ಮೇಲೆ ಅಂಟಂಟು ಪೊರೆ ಕಟ್ಟುತ್ತವೆ. ಸಿಹಿ ಸಿಕ್ಕರೆ ತಿಂದು ಹುಳಿ ಬಿಡುತ್ತವೆ, ನಮ್ಮ ಇಂಡಿಯ ಲಿಂಬೆ ನಾಚಬೇಕು; ಆ ಹುಳಿಗೆ ಹಲ್ಲು ಕರಗಿ ಹುಳುಕಾಗುತ್ತದೆ. ಪೊರೆಯನ್ನು ಹಾಗೇ ಬಿಟ್ಟರೆ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಗಾಳಿ ಬೇಡದ ಕೆಲವು ಜಾತಿಗಳು ಒಸಡಿನ ಕೆಳಗೆ ಇಳಿದು ಬಿಡಾರ ಹೂಡುತ್ತವೆ. ಅವುಗಳ ಜೊತೆ ಕಾದಾಡುವ ಭರದಲ್ಲಿ ನಮ್ಮ ಮೈಯೇ ಹಲ್ಲಿನ ಬುಡದ ಎಲುಬನ್ನು ಸವೆಸಿಕೊಳ್ಳುತ್ತದೆ. ಇದನ್ನೆಲ್ಲ ಅತ್ತೆಗೂ ಹೇಳಿದೆ.

"ಅವಕ್ಕ ಪಂಚಾಂಗ ಓದ್ಲಿಕ್ಕೆ ಬರಂಗಿಲ್ಲ, ಅತ್ತಿಯವರ. ಏಕಾದಶಿ ಅಂತ ಸೂಟಿ ತೊಗೊಳ್ಳಂಗಿಲ್ಲ."

"ನೀ ಹಲ್ಲು ತಿಕ್ಕೋ ಚಂದಾ ನನಗ ಗೊತ್ತದ, ಸುಮ್ನಿರು," ಎಂದರು.

ಆ ಮಾತಿಗೆ ನಾನು ಸ್ವಲ್ಪ ತಣ್ಣಗಾದೆ. ಯಾಕೆಂದರೆ ನನ್ನದೂ ಒಂದು ಗುಟ್ಟಿತ್ತು. ಹದಿನಾರು ವರ್ಷಗಳಿಂದ ಪ್ರತಿ ಏಕಾದಶಿಗೆ ನಾನು ಶಾಲೆಯಲ್ಲಿ ಮಿರ್ಚಿ ಭಜಿ ತಿಂದು, ಮನೆಗೆ ಬಂದ ಕೂಡಲೇ ಬಚ್ಚಲಿಗೆ ಹೋಗಿ ಹಲ್ಲು ತಿಕ್ಕಿ, ಉಪವಾಸದ ಮುಖ ಮಾಡಿಕೊಂಡು ಹೊರಗೆ ಬರುವವಳು.

ಮಾತಿಗೆ ಬಗ್ಗದವರು ಕಣ್ಣಿಗೆ ಬಗ್ಗಬಹುದು ಎಂದುಕೊಂಡು, ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅತ್ತೆಯನ್ನು ಪ್ರಯೋಗಾಲಯಕ್ಕೆ ಕರೆಸಿದೆ. ಅವರ ಹಲ್ಲಿನ ಸಂದಿಯಿಂದ ಕಡ್ಡಿಯಲ್ಲಿ ಒಂದಿಷ್ಟು ತೆಗೆದು, ನೀರಿನ ಹನಿಯಲ್ಲಿ ಬೆರೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಅತ್ತೆ ಕನ್ನಡಕ ತೆಗೆದು ಬಗ್ಗಿದರು. ಚುಕ್ಕೆ, ಕಡ್ಡಿ, ಮಣಿಸರ, ನಡುವೆ ಸರಸರ ಓಡುವ ಕೆಲವು. ಬಹಳ ಹೊತ್ತು ನೋಡಿದರು. ನಾನು ಒಳಗೊಳಗೇ ಗೆದ್ದೆ ಎಂದುಕೊಂಡೆ.

"ಇವೆಲ್ಲಾ ಜೀವ ಅವ?"

"ಹೌದು ಮತ್ತ."

"ಅಯ್ಯ ಶ್ರೀಹರಿ! ಇಷ್ಟು ಜೀವ ದಿನಾ ತಿಕ್ಕಿ ತಿಕ್ಕಿ ಕೊಂದೇನೇನ ನಾ?"

ಅವತ್ತಿನಿಂದ ಅವರು ಬ್ರಷ್ಷನ್ನೇ ಮುಟ್ಟಲಿಲ್ಲ! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ತಿಕ್ಕುತ್ತಿದ್ದ ಹದಿನೆಂಟು ದಿನವನ್ನೂ ನನ್ನ ಕೈಯಾರೆ ಕಳೆದಿದ್ದೆ. ಮೂರು ದಿನ ಸಿಟ್ಟಿನಿಂದ ಅಡುಗೆಮನೆಯ ಪಾತ್ರೆಗಳ ಸಪ್ಪಳ ಮಾಡುತ್ತ ಓಡಾಡಿದೆ.

ನಾಲ್ಕನೆಯ ದಿನ ದಶಮಿ. ಮರುದಿನದ ಉಪವಾಸಕ್ಕೆ ಮುಂಚೆ ಅತ್ತೆ ರಾತ್ರಿ ಬೆಲ್ಲ ಕಲಸಿದ ಅವಲಕ್ಕಿ ತಿನ್ನುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ತಿನ್ರಿ, ತಿನ್ರಿ. ನಾಳೆ ನೀವು ನೀರೂ ಮುಟ್ಟಂಗಿಲ್ಲ. ಹಲ್ಲಿನ ಸಂದ್ಯಾಗ ಕೂತ ಈ ಬೆಲ್ಲ ತಿಂದು ಅವು ನಾಳೆ ದಿನಪೂರ್ತಿ ಹಬ್ಬ ಮಾಡ್ತಾವ."

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ಏನಂದಿ? ನಾಳೆ ಅವು ಉಣ್ತಾವ?"

"ಉಣ್ಣದ ಬಿಡ್ತಾವೇನು?"

"ನನ್ನ ಬಾಯಾಗ ಕೂತು, ಏಕಾದಶಿ ದಿನ?"

ಅವರ ಮುಖ ನೋಡಬೇಕಿತ್ತು. ಬಾಡಿಗೆಗೆ ಇದ್ದವರು ಮಡಿಯ ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ಬಂದಂತೆ ಕೆಂಪಾಗಿತ್ತು. ತಟ್ಟೆ ಸರಿಸಿ ಎದ್ದರು. "ನನ್ನ ಮನ್ಯಾಗ ಏಕಾದಶಿ ದಿನ ಯಾರೂ ಉಣ್ಣಂಗಿಲ್ಲ," ಎಂದವರೇ ಬಚ್ಚಲಿಗೆ ಹೋಗಿ, ದಶಮಿಯ ರಾತ್ರಿ, ಜೀವನದಲ್ಲಿ ಮೊದಲ ಸಲ, ಮಲಗುವ ಮುಂಚೆ ಹಲ್ಲು ತಿಕ್ಕಿದರು. ಹೊರಗೆ ಬಂದು, "ಕೊಲ್ಲಂಗಿಲ್ಲ ನಾ. ಉಪವಾಸ ಹಾಕ್ತೇನಿ. ಅವಕ್ಕೂ ಪುಣ್ಯ ಬರ್ಲಿ," ಎಂದರು. ತಿಕ್ಕಿದರೆ ಎಷ್ಟೋ ಜೀವ ತೊಳೆದುಹೋಗಿ ಸಾಯುತ್ತವೆ ಎಂದು ತಿದ್ದುವಷ್ಟು ದಡ್ಡಿ ನಾನಲ್ಲ.

ಆಮೇಲೆ ಅವರದೇ ಕಾನೂನು. ತಿಕ್ಕಬಾರದ ದಿನದ ಹಿಂದಿನ ರಾತ್ರಿ ಬ್ರಷ್ಷು, ಆ ದಿನ ಮಾವಿನ ಎಲೆಯಿಂದ ಉಜ್ಜುವುದು. ಎಲೆಗೆ ಶಾಸ್ತ್ರದಲ್ಲಿ ಅಡ್ಡಿ ಇಲ್ಲವಂತೆ. ಉಳಿದ ದಿನ ಎರಡು ಹೊತ್ತೂ ತಿಕ್ಕಿದರು. ಮೂರು ತಿಂಗಳ ಮೇಲೆ ಡಾಕ್ಟರು ಹಲ್ಲುಗಳನ್ನು ಬೆರಳಿಂದ ಒತ್ತಿ ನೋಡಿ, "ಹಿಡದಾವ್ರಿ ಅಮ್ಮಾರ! ಕೀಳೂದು ಬ್ಯಾಡ," ಎಂದಾಗ ನಾನೇ ಅತ್ತೆಯನ್ನು ತಬ್ಬಿಕೊಂಡುಬಿಟ್ಟೆ. ಅವರು ಮಡಿಯಲ್ಲಿ ಇರಲಿಲ್ಲ, ಪುಣ್ಯಕ್ಕೆ.

ಅದಾದ ಮೇಲೆ ಗುರುವಾರವೇ ಒಂದು ಏಕಾದಶಿ ಬಂತು. ಶಾಲೆಯಿಂದ ಬರುವಾಗ ಪಡಸಾಲೆಯಿಂದ ಸ್ತೋತ್ರ ಕೇಳುತ್ತಿತ್ತು, ಒಂದೊಂದು 'ಸ'ಕಾರವೂ ಸ್ಪಷ್ಟ. ನಾನು ಎಂದಿನಂತೆ ತಲೆ ತಗ್ಗಿಸಿಕೊಂಡು ಬಚ್ಚಲಿನ ಕಡೆ ಸರಿದೆ. ಬ್ರಷ್ಷು ಬಾಯಲ್ಲಿದ್ದಾಗ ಬಾಗಿಲಲ್ಲಿ ಅತ್ತೆ ಬಂದು ನಿಂತರು.

"ಬರೇ ಏಕಾದಶಿ ದಿನ ಸಂಜಿಗೆ ಹಲ್ಲು ತಿಕ್ಕೋ ಸೊಸಿನ್ನ ಹದಿನಾರು ವರ್ಷದಿಂದ ನೋಡ್ಲಿಕ್ಕತ್ತೇನಿ. ಇವತ್ತೂ ಮಿರ್ಚಿ ಭಜಿನೇ ಏನು?"

ಬಾಯಿ ತುಂಬ ನೊರೆ. ನಾಚಿಕೆಯೂ ನಗುವೂ ಒಟ್ಟಿಗೇ ಬಂದು ಕೆಮ್ಮತೊಡಗಿದೆ. ಅತ್ತೆ ಬೆನ್ನು ತಟ್ಟಿದರು.

"ಸಾವಕಾಶ. ಬಾಯಿ ತೊಳಕೊಂಡು ಬಂದು ಪಾಠಕ್ಕ ಕೂಡು. ನಾಳಿಗೆ ನಾ ಇಲ್ಲದಾಗ ಇವರಿಗೆಲ್ಲಾ ಹೇಳಿಕೊಡ್ಲಿಕ್ಕೆ ನಿನ್ನ ಹಲ್ಲು ಬೇಕಾಗ್ತಾವ."