ಅವರು ಹುಡುಕುತ್ತಿದ್ದ ಪಲ್ಲವಿ

ಮಗಳು ಪಿಯಾನೊ ಪರೀಕ್ಷೆಗೆ ಎರಡು ತುಣುಕು ಕಲಿಯುತ್ತಿದ್ದಳು. ಒಂದು ಮುನ್ನೂರು ವರ್ಷ ಹಿಂದಿನ ಬರೋಕ್ ಕಾಲದ ಕುಣಿತದ ಸಂಗೀತ, ಇನ್ನೊಂದು ಅದರ ನಂತರ ಬಂದ ಕ್ಲಾಸಿಕಲ್ ಕಾಲದ್ದು. ನನ್ನ ಗಂಡನಿಗೆ ಗಲ್ಫಿನ ಮರುಭೂಮಿಯ ಊರು ಮದೀನತ್ ಜಾಯೆದ್‌ನಲ್ಲಿ ಕೆಲಸ. ಸುಮಾರು ಎರಡು ಗಂಟೆ ದಾರಿಯ ಖಲೀಫಾ ಸಿಟಿಯ ನಮ್ಮ ಮನೆಗೆ ಬರುವುದು ವಾರಕ್ಕೊಮ್ಮೆ, ಶುಕ್ರವಾರ ಸಂಜೆ. ಬಂದವರೇ ಚಹಾದ ಲೋಟ ಹಿಡಿದು ಪಿಯಾನೊ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು.

ಬರೋಕ್ ತುಣುಕು ಮುಗಿದಾಗಲೆಲ್ಲ ಅವರದು ಒಂದೇ ತಕರಾರು. "ಪಲ್ಲವಿ ಎಲ್ಲಿ ಹೋಯ್ತು ಮಾರಾಯ್ತಿ? ಭಜನೆಯಲ್ಲಾದ್ರೆ ಎಷ್ಟು ಸಲ ಬರ್ತದೆ."

"ಇದ್ರಲ್ಲಿ ಬರೂದಿಲ್ಲ ಪಪ್ಪಾ. ಎರಡು ಹಾಫ್ ಅಷ್ಟೆ. ಫಸ್ಟ್ ಹಾಫ್ ಬೇರೆ ಶ್ರುತಿಗೆ ಹೋಗ್ತದೆ, ಸೆಕೆಂಡ್ ಹಾಫ್ ಮೊದಲಿನ ಶ್ರುತಿಗೆ ವಾಪಸ್ ಬರ್ತದೆ. ಟ್ಯೂನ್ ಮಾತ್ರ ವಾಪಸ್ ಬರೂದಿಲ್ಲ."

"ಮನೆಗೆ ಬಂದು ಮುಖ ತೋರಿಸದೆ ಇರೂದಾ?"

ಆಗ ಅವಳು ಕ್ಲಾಸಿಕಲ್ ತುಣುಕು ನುಡಿಸುತ್ತಿದ್ದಳು. ಅದು ಮಧ್ಯದಲ್ಲಿ ಎಲ್ಲೆಲ್ಲೋ ಅಲೆದು, ಸ್ವಲ್ಪ ತಡೆದು, ಮೊದಲಿನ ಧಾಟಿಯನ್ನೇ ಹಿಡಿಯುತ್ತದೆ. ಹಳೆಯ ಎರಡು ಭಾಗದ ಕುಣಿತವೇ ಬೆಳೆದು ಹೀಗಾಯಿತಂತೆ. ಬೇರೆ ಶ್ರುತಿಯಲ್ಲಿ ಕೇಳಿಸಿದ ಎರಡನೆಯ ಧಾಟಿಯೂ ಕೊನೆಗೆ ಮೊದಲಿನ ಶ್ರುತಿಗೇ ಬರುತ್ತದೆ. ಟೀಚರ್ ಮಗಳಿಗೆ, ಮಗಳು ನಮಗೆ ಹೇಳಿದ್ದು ಇದು. ಧಾಟಿ ತಿರುಗಿ ಬಂದಲ್ಲಿ, ಕುರ್ಚಿಯಲ್ಲಿ ಕೂತ ಅವಳ ಪಪ್ಪನ ತಲೆ ತೂಗುತ್ತಿತ್ತು.

ಎರಡೂ ತುಣುಕುಗಳಲ್ಲಿ ಪ್ರತಿ ಭಾಗವನ್ನೂ ಎರಡು ಸಲ ನುಡಿಸಬೇಕೆಂದು ಪುಸ್ತಕದಲ್ಲಿ ಗುರುತಿದೆ. ಪರೀಕ್ಷೆಗೆ ಒಂದು ಸಲ ಸಾಕು. ಅವರಿಗೆ ಸಾಲದು. "ಇಷ್ಟು ದೂರ ಗಾಡಿ ಬಿಟ್ಟು ಬಂದದ್ದು ಅರ್ಧ ಕೇಳ್ಲಿಕ್ಕಾ?"

ಈ ಚಳಿಗಾಲದಲ್ಲಿ ಅವರು ಕೆಲಸದ ಜಾಗದಲ್ಲೇ ಎದೆನೋವಿನಿಂದ ತೀರಿಕೊಂಡರು. ಮಗಳು ಪಿಯಾನೊದ ಮುಚ್ಚಳ ತೆರೆಯಲಿಲ್ಲ. ನುಡಿಸೆಂದು ನಾನೂ ಹೇಳಲಿಲ್ಲ. ಶುಕ್ರವಾರ ಸಂಜೆ ಗೇಟಿನ ಹೊರಗೆ ಯಾವುದಾದರೂ ಕಾರು ನಿಂತರೆ ಇಬ್ಬರ ಕಣ್ಣೂ ಬಾಗಿಲಿಗೆ ಹೋಗುತ್ತಿತ್ತು. ಆ ಕ್ಲಾಸಿಕಲ್ ತುಣುಕನ್ನು ಅವಳು ಒಮ್ಮೆ ನುಡಿಸಬೇಕು, ಧಾಟಿ ತಿರುಗಿ ಬರುವುದನ್ನು ನಾನು ಕೇಳಬೇಕು. ನನಗಿದ್ದ ಆಸೆ ಅಷ್ಟೇ.

ಕಳೆದ ವಾರ ನೀರುದೋಸೆಗೆ ಅಕ್ಕಿ ತೊಳೆಯುತ್ತಿದ್ದಾಗ ಪಿಯಾನೊ ಕೇಳಿಸಿತು. ಬರೋಕ್ ತುಣುಕು. ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತೆ. ಮೊದಲ ಭಾಗ ಮುಗಿಸಿ ಅವಳು ಅದನ್ನೇ ಮತ್ತೆ ನುಡಿಸಿದಳು. ಎರಡನೆಯದನ್ನೂ ಎರಡು ಸಲ. ಮೊದಲಿನ ಧಾಟಿ ಬರಲಿಲ್ಲ. ಶ್ರುತಿ ಮಾತ್ರ ಬಂದು ನಿಂತಿತು.

"ಇನ್ನೊಂದು ನುಡಿಸೂದಿಲ್ವಾ?" ಎಂದೆ.

"ನಾಟ್ ಯೆಟ್, ಅಮ್ಮಾ. ಅದ್ರಲ್ಲಿ ಟ್ಯೂನ್ ವಾಪಸ್ ಬರ್ತದೆ, ಅದು ಬೇಡ ಈಗ."

ನಾನು ಹೋಗಿ ಅವರ ಕುರ್ಚಿಯಲ್ಲಿ ಕುಳಿತೆ. ಅವಳು ಅದೇ ತುಣುಕನ್ನು ಪುನಃ ಮೊದಲಿನಿಂದ ಶುರು ಮಾಡಿದಳು.