ಕತ್ತರಿಯಕ್ಕನ ಉತ್ತರ

ಬೆಳಕು ಹರಿಯುವ ಮುನ್ನವೇ ಕತ್ತರಿಯಕ್ಕ ನೀರು ತುಂಬಿ, ಹಾಲು ಕಾಯಿಸಿ, ಮೆಟ್ಟಿಲು ಒರೆಸಿ, ಗಂಡನ ಅಂಗಿಗೆ ಇಸ್ತ್ರಿ ಹಾಕಿ, ಅವನ ಕನ್ನಡಕವನ್ನೂ ಹುಡುಕಿಡುತ್ತಿದ್ದಳು. ಆಮೇಲೆ ಅವನು ಎದ್ದು ನಡುಮನೆಯಿಂದಲೇ ಕೂಗುತ್ತಿದ್ದ. ಅಡುಗೆಮನೆಯಲ್ಲಿ ನಲ್ಲಿ, ಕುಕ್ಕರಿನ ಸದ್ದು. ಎಪ್ಪತ್ತರ ಅವಳಿಗೆ ದನಿ ಕೇಳುತ್ತಿತ್ತು. ಮಾತು ಬಿಡಿಸಿಕೊಳ್ಳಲು ಒಂದು ಗಳಿಗೆ ಬೇಕಾಗುತ್ತಿತ್ತು.

"ಗೋಡೆಗೆ ಹೇಳಿದ್ರೂ ಇಷ್ಟೊತ್ತಿಗೆ ಉತ್ತರ ಬರ್ತಿತ್ತು!"

ಕಿವಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದವನೂ ಅವನೇ. ಡಾಕ್ಟರಮ್ಮ ಇಬ್ಬರಿಗೂ ಹೆಡ್‌ಫೋನ್ ತೊಡಿಸಿ, ಗದ್ದಲದ ನಡುವೆ ಮಾತು ಕೇಳಿಸಿದರು.

"ಕಿವಿ, ಬುದ್ಧಿ ಎರಡೂ ಚೆನ್ನಾಗಿವೆ. ವಯಸ್ಸಾದ ಮೇಲೆ ಗದ್ದಲದಲ್ಲಿ ಮಾತು ಹೆಕ್ಕೋಕೆ ಮಿದುಳಿಗೆ ಸ್ವಲ್ಪ ಹೊತ್ತು ಬೇಕು, ಅಷ್ಟೇ. ಎದುರಿಗೆ ಬಂದು ನಿಧಾನವಾಗಿ ಮಾತಾಡಿ. ನಿಮ್ಮದೂ ಅದೇ ಕತೆ ಸಾರ್."

ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಆ ವಾರವೇ ಹೊಲಿಗೆ ಅಂಗಡಿಯ ಒಡತಿ ಬಂದಳು. ಕತ್ತರಿಯಕ್ಕ ಅರ್ಧ ಆಯುಷ್ಯ ಬಟ್ಟೆ ಕತ್ತರಿಸಿದ್ದು ಅಲ್ಲೇ.

"ಅಕ್ಕಾ, ಹೊಸ ಹುಡುಗೀರಿಗೆ ಕಟಿಂಗ್ ಹೇಳಿಕೊಡ್ತೀರಾ?"

ಟಿವಿ ಅರಚುತ್ತಿತ್ತು. ಮಾತು ಒಳಗಿಳಿದು, ಹೂಂ ಅನ್ನಲು ಅವಳು ಬಾಯಿ ತೆರೆದಳು.

"ಅವಳಿಗೀಗ ಏನೂ ಅರ್ಥ ಆಗಲ್ಲಮ್ಮ. ತಲೆ ಸವೆದಿದೆ," ಅಂದ ಗಂಡ. ಅವಳು "ಇಲ್ಲ, ನಾನು..." ಎನ್ನುವಷ್ಟರಲ್ಲಿ ಬಾಗಿಲನ್ನೂ ತೆರೆದು ನಿಂತಿದ್ದ.

ಕತ್ತರಿಯಕ್ಕ ಹಲ್ಲು ಕಚ್ಚಿ ಕಾದಳು.

ಮುಂದಿನ ವಾರ ಹಿರಿಯರ ಸಂಘದಿಂದ ಗಂಡನ ಗೆಳೆಯರಿಬ್ಬರು ಬಂದರು. ಅಧ್ಯಕ್ಷನಾಗಬೇಕೆಂದು ಗಂಡ ಬಹಳ ದಿನದಿಂದ ಜೊಲ್ಲು ಸುರಿಸುತ್ತಿದ್ದ. ಅವಳು ಮಿಕ್ಸಿಯನ್ನು ನಡುಮನೆಗೇ ಹೊತ್ತು ತಂದಳು.

"ಒಳಗಿನ ಪ್ಲಗ್ ಕೆಟ್ಟಿದೆ ಕಣ್ರಪ್ಪಾ," ಎಂದು ಮಸಾಲೆ ರುಬ್ಬಲು ಗರ್ರನೆ ಹಚ್ಚಿದಳು.

"ಏನಂತೀರಿ? ಅಧ್ಯಕ್ಷರಾಗ್ತೀರಾ?" ಎಂದ ಗೆಳೆಯರಲ್ಲೊಬ್ಬ.

"ಏನು? ಏನು?" ಗಂಡ ಕಣ್ಣು ಪಿಳುಕಿಸಿದ.

ಅವಳು ಮಿಕ್ಸಿ ನಿಲ್ಲಿಸಿದಳು. "ಪಾಪ, ಇವರಿಗೀಗ ಏನೂ ಅರ್ಥ ಆಗಲ್ಲ. ತಲೆ ಸವೆದಿದೆ. ಬೇರೆಯವರನ್ನ ನೋಡ್ಕೊಳ್ಳಿ." ಮತ್ತೆ ಮಿಕ್ಸಿ ಹಚ್ಚಿದಳು. ಗಂಡನ ಬಾಯಿ ಆಡುತ್ತಿತ್ತು, ದನಿ ಕೇಳಲಿಲ್ಲ. ಗೆಳೆಯರು ಮುಖ ಮುಖ ನೋಡಿಕೊಂಡು ಎದ್ದು ಹೋದರು. ಅವಳು ಮಿಕ್ಸಿ ಎತ್ತಿಕೊಂಡು ಅಡುಗೆಮನೆ ಸೇರಿದಳು.

"ಮನೆಹಾಳಿ! ಅವರಿಗೆ ಫೋನ್ ಮಾಡು, ಸುಳ್ಳು ಹೇಳಿದೆ ಅಂತ ಹೇಳು!" ಎಂದು ಅವನು ನಡುಮನೆಯಿಂದ ಕೂಗಿದ.

"ಎದುರಿಗೆ ಬಂದು ನಿಧಾನವಾಗಿ ಹೇಳ್ರೀ."

ಬಂದ. ನಿಧಾನವಾಗಿ ಹೇಳಿದ. "ದಮ್ಮಯ್ಯ" ಎಂದೂ ಸೇರಿಸಿ, ಫೋನನ್ನು ಅವಳ ಕೈಗಿಟ್ಟು ಕೋಣೆ ಸೇರಿದ.

ಕತ್ತರಿಯಕ್ಕ ಒಲೆಯ ಮುಂದೆ ಒಬ್ಬಳೇ ನಿಂತು ಒಳಗೆ ಮರುಕ ಹುಡುಕಿದಳು. ಸಿಗಲಿಲ್ಲ. ಫೋನಿನಲ್ಲಿ ಗೆಳೆಯರ ನಂಬರು ಎಲ್ಲಕ್ಕಿಂತ ಮೇಲೇ ಇತ್ತು. ಅದನ್ನು ದಾಟಿ ಹೊಲಿಗೆ ಅಂಗಡಿಯದನ್ನು ಒತ್ತಿದಳು.