ಕೌದಿಯ ಹೊಟ್ಟೆ

ಸುಭದ್ರಮ್ಮನ ಬ್ಯಾಗಿನಲ್ಲಿ ದಿನವೂ ಎರಡು ಬುತ್ತಿ ಇರುತ್ತಿದ್ದವು. ಒಂದು ಅವಳದು, ಇನ್ನೊಂದು ಬೃಂದಾಳದು. ಲಿಂಗರಾಜಪುರದ ಒಂದು ಮನೆಯ ಮಹಡಿಯಲ್ಲಿ ಹೆಂಗಸರಿಂದ ಕೌದಿ, ಚೀಲ, ದಿಂಬಿನ ಕವರು ಹೊಲಿಸಿ ಮಾರುವ ‘ಹೊಲಿಗೆಮನೆ’ಯನ್ನು ಕಟ್ಟಿದವಳೇ ಈ ಬೃಂದಾ. ಓದಿದ ಹುಡುಗಿ, ಮನಸ್ಸೂ ಒಳ್ಳೆಯದು, ಹೊತ್ತಿಗೆ ಸರಿಯಾಗಿ ಉಣ್ಣುವ ಬುದ್ಧಿ ಮಾತ್ರ ಇಲ್ಲ. ಒಂದು ಸಲ ಸುಭದ್ರಮ್ಮನ ಜೋಳದ ರೊಟ್ಟಿಯ ರುಚಿ ಹತ್ತಿದ್ದೇ ತಡ, ಮಧ್ಯಾಹ್ನವಾದರೆ ಸಾಕು, ಫೋನು ಬದಿಗಿಟ್ಟು ಬಂದು ಅವಳ ಪಕ್ಕ ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಡುತ್ತಿದ್ದಳು.

“ನನ್ನ ಮೇಡಂ ಅನ್ಬೇಡಿ ಅಕ್ಕ, ಇದು ನಮ್ಮೆಲ್ರದೂ ಜಾಗ” ಎಂದು ಮೊದಲ ದಿನವೇ ಹೇಳಿದ್ದಳು. ಸುಭದ್ರಮ್ಮ ಆ ಮಾತನ್ನು ನಂಬಿದಳು. ನಂಬಿ, ತಂಗಿ ಎಂದೇ ಕರೆದಳು.

ಸುರಪುರದ ಕಡೆಯಿಂದ ಗಂಡ ಮಾನಪ್ಪನ ಜೊತೆ ಈ ಊರಿಗೆ ಬಂದ ಮೇಲೆ ಅವಳನ್ನು ಹಾಗೆ ಪಕ್ಕ ಕೂರಿಸಿಕೊಂಡವರು ಬೇರೆ ಯಾರಿದ್ದರು? ಮಾನಪ್ಪನದು ಗಾರೆ ಕೆಲಸ. ಸಿ.ವಿ. ರಾಮನ್ ನಗರದಲ್ಲಿ ಅಪಾರ್ಟ್‌ಮೆಂಟು ಎದ್ದಷ್ಟು ಕಡೆ ಇವಳು ಮರಳು ಹೊತ್ತಳು, ಇಟ್ಟಿಗೆ ಹೊತ್ತಳು. ಕಟ್ಟಡ ಮುಗಿದ ಮೇಲೆ ಅದೇ ಗೇಟಿನ ಮುಂದೆ ನಿಂತರೆ ವಾಚ್‌ಮನ್ ‘ಯಾರಮ್ಮ ನೀನು’ ಎನ್ನುತ್ತಿದ್ದ. ಕಡೆಗೆ ಮಂಡಿ ಕೈಕೊಟ್ಟಿತು. ಬಾಡಿಗೆ ಕೋಣೆಯಲ್ಲಿ ಸುಮ್ಮನೆ ಕೂತವಳನ್ನು ಅದೇ ಓಣಿಯ ಚಾಂದ್ ಬೀ ಎಳೆದುಕೊಂಡು ಬಂದು ಹೊಲಿಗೆಮನೆಗೆ ಸೇರಿಸಿದಳು. ಊರಲ್ಲಿ ಅವ್ವ ಬೇಸಿಗೆ ಮಧ್ಯಾಹ್ನ ಹರಕು ಬಟ್ಟೆ ಒಟ್ಟು ಮಾಡಿ ಹೊಲಿಯುತ್ತಿದ್ದ ಕೌದಿಗೆ ಇಲ್ಲಿ ಆರ್ಟ್ ಎನ್ನುತ್ತಾರೆಂದು ತಿಳಿದಾಗ ಸುಭದ್ರಮ್ಮನಿಗೆ ನಗು ತಡೆಯಲಾಗಲಿಲ್ಲ. ಆದರೆ ಕೈ ಮಾತ್ರ ಏನನ್ನೂ ಮರೆತಿರಲಿಲ್ಲ.

ಹೀಗಿರುವಾಗ ಇಂದಿರಾನಗರದ ಧನುಶ್ರೀ ಎಂಬಾಕೆ ತೀರಿಹೋದ ತಾಯಿಯ ಸೀರೆಗಳ ಗಂಟು ತಂದುಕೊಟ್ಟಳು. ಅವನ್ನೆಲ್ಲ ಸೇರಿಸಿ ಒಂದು ಕೌದಿ ಆಗಬೇಕು. ಬೃಂದಾ ಗಂಟಿನಿಂದ ಒಂದು ಬಿಳಿ ನೂಲಿನ ಸೀರೆ ತೆಗೆದು, “ಅಕ್ಕ, ಇದು ತುಂಬಾ ಮುಖ್ಯ. ಅವರಮ್ಮ ಕೊನೇವರೆಗೂ ಉಟ್ಕೊಂಡಿದ್ದ ಸೀರೆಯಂತೆ, ಜೋಪಾನ” ಎಂದಳು. ಹಸಿರು ಅಂಚು, ಒಗೆದು ಒಗೆದು ಬೆಣ್ಣೆಯಷ್ಟು ಮೆತ್ತಗಾಗಿತ್ತು. ಸುಭದ್ರಮ್ಮ ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿ, ಎಲ್ಲಿಡಬೇಕೆಂದು ಅಲ್ಲೇ ನಿರ್ಧರಿಸಿದಳು. ಎಲ್ಲಿಡುತ್ತೀರಿ ಎಂದು ಬೃಂದಾ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರಿಗೂ ಅದು ಕೇಳುವ ಹೇಳುವ ಮಾತೇ ಅಲ್ಲ ಅನ್ನಿಸಿತ್ತು.

ಕೌದಿ ಸಿದ್ಧವಾದ ದಿನ ಧನುಶ್ರೀ ಬಂದಳು. ಚಾಪೆಯ ಮೇಲೆ ಹರವಿದರು. ರೇಷ್ಮೆ, ಹೂವಿನ ವಾಯಿಲ್, ಮದುವೆ ಮುಂಜಿಗೆ ಉಟ್ಟ ಸೀರೆ ಎಲ್ಲವನ್ನೂ ಆಕೆ ಗುರುತು ಹಿಡಿದು ಸವರಿದಳು. ಒಂದು ಬದಿ ನೋಡಿದಳು, ತಿರುವಿ ಇನ್ನೊಂದು ಬದಿ ನೋಡಿದಳು. ಮುಖ ಬಾಡಿತು.

“ಆ ಬಿಳಿ ಸೀರೆ ಎಲ್ಲಿ?”

“ಹೊಟ್ಟ್ಯಾಗ ಅದರಿ ಅವ್ವಾ” ಎಂದಳು ಸುಭದ್ರಮ್ಮ.

“ಹೊಟ್ಟೇಲಿ ಅಂದ್ರೆ?”

“ಒಳಗರಿ. ನಡುವ. ಮ್ಯಾಲಿನ ಬಟ್ಟಿ ಬಿಸಲಿಗೆ ಬಣ್ಣ ಹೋಗತದ, ತಿಕ್ಕಿದ್ರ ಹರೀತದ. ನಮ್ಮ ಕಡಿ ಜೀವದ ಬಟ್ಟಿ ಹೊಟ್ಟ್ಯಾಗ ಇಡತೀವಿ.”

ಧನುಶ್ರೀ ಬೃಂದಾಳ ಮುಖ ನೋಡಿದಳು. “ಒಳಗೆ ವೇಸ್ಟ್ ಬಟ್ಟೆ ತುಂಬ್ತೀವಿ ಅಂತ ನೀವೇ ಹೇಳಿದ್ರಲ್ಲ? ನನಗೆ ಅದೊಂದು ಸೀರೆ ಸಿಕ್ರೆ ಸಾಕು, ಕೌದಿ ಇಲ್ದಿದ್ರೂ ಪರವಾಗಿಲ್ಲ. ಯಾರಾದ್ರೂ ಇಷ್ಟ ಆಗಿ ತಗೊಂಡಿದ್ರೆ ವಾಪಸ್ ಕೊಟ್ಬಿಡ್ಲಿ, ನಾನೇನೂ ಅನ್ನಲ್ಲ.” ಹೇಳುತ್ತಲೇ ಅವಳ ಕಣ್ಣು ತುಂಬಿತು. ಪಾಪ, ತಾಯಿ ಹೋದ ಸಂಕಟ ಅವಳದು. ಅವಳನ್ನು ಬಯ್ಯಲು ನನಗಂತೂ ಬಾಯಿ ಬಾರದು.

ಹೊಲಿಯುತ್ತಿದ್ದ ಕೈಗಳೆಲ್ಲ ನಿಂತವು.

“ಬಿಚ್ಚಿ ತೋರಸ್ತೀನಿ ತಂಗಿ” ಎಂದು ಸುಭದ್ರಮ್ಮ ಕತ್ತರಿಗೆ ಕೈ ಹಾಕಿದಳು.

“ತಡೀರಿ ಅಕ್ಕ” ಎಂದು ಬೃಂದಾ ಅವಳ ಕೈ ಹಿಡಿದಳು. ಇಷ್ಟು ದಿನದ ಕೆಲಸ, ಬಿಚ್ಚಿದರೆ ಹಾಳು. ಒಳಗೆ ಇರದಿದ್ದರೆ ಕೌದಿಯೂ ಹೋಯಿತು, ಸಂಸ್ಥೆಯ ಮಾನವೂ ಹೋಯಿತು. ಒಂದು ಗಳಿಗೆ ಅತ್ತಿತ್ತ ನೋಡಿ, ದನಿ ಇಳಿಸಿ ಹೇಳಿದಳು: “ತಪ್ಪು ತಿಳ್ಕೋಬೇಡಿ. ಕಟ್ ಮಾಡೋ ಮುಂಚೆ... ಸುಮ್ನೆ ಒಂದ್ಸಲ ನಿಮ್ಮ ಬ್ಯಾಗ್ ನೋಡ್ಬಿಡೋಣ?”

ಕೌದಿ ಬಿಚ್ಚುವುದಕ್ಕಿಂತ ಬ್ಯಾಗು ಬಿಚ್ಚುವುದು ಸುಲಭ. ಬೃಂದಾ ಲೆಕ್ಕ ಹಾಕಿದ್ದು ಅಷ್ಟೇ, ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಆದರೂ ಆ ಲೆಕ್ಕ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಸುಭದ್ರಮ್ಮ ಗೋಡೆಯ ಮೊಳೆಯಿಂದ ಬ್ಯಾಗು ಇಳಿಸಿ, ಎಲ್ಲರೆದುರು ಚಾಪೆಯ ಮೇಲೆ ಸುರಿದಳು. ಮನೆಯ ಕೀಲಿ. ಮಂಡಿಗೆ ಹಚ್ಚುವ ಎಣ್ಣೆಯ ಸೀಸೆ. ಒಂದು ಬುತ್ತಿ. ಇನ್ನೊಂದು ಬುತ್ತಿ, ರೊಟ್ಟಿ ಮೆತ್ತಗಿರಲೆಂದು ಬಿಳಿ ಬಟ್ಟೆ ಸುತ್ತಿದ್ದು. ಬಿಳಿ ಕಂಡೊಡನೆ ಬೃಂದಾಳ ಕೈ ತಾನಾಗಿ ಅತ್ತ ಹೋಯಿತು. ಗಂಟು ಬಿಚ್ಚಿದಳು. ಒಳಗಿದ್ದದ್ದು ಅವಳ ಪಾಲಿನ ರೊಟ್ಟಿ, ಪಕ್ಕದಲ್ಲಿ ಅವಳಿಗೆ ಇಷ್ಟವೆಂದು ಇಟ್ಟಿದ್ದ ಶೇಂಗಾ ಚಟ್ನಿ.

“ಅರೇ ಅಲ್ಲಾ! ನಾಚಿಕೆ ಆಗಲ್ವಾ?” ಎಂದು ಸಿಡಿದು ಎದ್ದವಳು ಚಾಂದ್ ಬೀ. ಯಾರನ್ನೂ ಕೇಳದೆ ಕತ್ತರಿ ತೆಗೆದುಕೊಂಡು ಕೌದಿಯ ಒಂದು ಮೂಲೆಯ ಹೊಲಿಗೆ ಕತ್ತರಿಸಿದಳು. ಬೆರಳು ಹಾಕಿ ಅಗಲಿಸಿದರೆ, ಹಸಿರು ಅಂಚು.

ಧನುಶ್ರೀ ಬಗ್ಗಿ ಆ ಸಂದಿಗೆ ಮುಖ ಇಟ್ಟಳು. ಬಹಳ ಹೊತ್ತು ಏಳಲಿಲ್ಲ. ಎದ್ದಮೇಲೆ ಸುಭದ್ರಮ್ಮನ ಎರಡೂ ಕೈ ಹಿಡಿದು ಅತ್ತಳು, “ಒಳಗೇ ಇರ್ಲಿ, ಹಾಗೇ ಹೊಲ್ದುಬಿಡಿ” ಎಂದಳು. ಸುಭದ್ರಮ್ಮ ಮೂಲೆಯನ್ನು ಮತ್ತೆ ಹೊಲಿದಳು. ಗಾಯ ಎಲ್ಲಿತ್ತೆಂದು ತಿಳಿಯದ ಹಾಗೆ ಹೊಲಿದಳು. ಕೌದಿ ಇಂದಿರಾನಗರಕ್ಕೆ ಹೋಯಿತು.

“ಸಾರಿ ಅಕ್ಕ” ಎಂದಳು ಬೃಂದಾ. ಮನಸಾರೆ ಹೇಳಿದಳು, ಅದರಲ್ಲಿ ಅನುಮಾನವಿಲ್ಲ. ಸುಭದ್ರಮ್ಮ ತಲೆ ಆಡಿಸಿದಳು. ಬುತ್ತಿಯನ್ನು ಅಂದು ಇಬ್ಬರೂ ಮುಟ್ಟಲಿಲ್ಲ.

ಮನೆಯಲ್ಲಿ ಮಾನಪ್ಪ ಕೇಳಿ ಕೆಂಡವಾದ. “ನಾಳಿಂದ ಹೋಗಬ್ಯಾಡ.” ಅವಳು ಮಂಡಿಗೆ ಎಣ್ಣೆ ತಿಕ್ಕುತ್ತ, “ಹೋಗದಿದ್ರ ಎಲ್ಲಿ ಹೋಗಲಿ? ಮರಳು ಹೊರಲೇನು?” ಎಂದಳು.

ಮರುದಿನ ಹೋದಳು. ಎಂದಿನಂತೆ ಹೊಲಿದಳು. ಮಧ್ಯಾಹ್ನ ಬೃಂದಾ ಬಂದು ಪಕ್ಕದಲ್ಲಿ ಕೂತಾಗ ಸುಭದ್ರಮ್ಮ ಸರಿದು ಜಾಗ ಕೊಟ್ಟಳು. ಬುತ್ತಿ ಒಂದೇ ಇತ್ತು.

ಸಂಜೆ ಎಲ್ಲರೂ ಹೊರಟಾಗ ಅವಳು ಬೃಂದಾಳ ಮೇಜಿನ ಮುಂದೆ ಬಂದು ನಿಂತು, ಬ್ಯಾಗಿನ ಜಿಪ್ಪು ಎಳೆದು, ಬಾಯಿ ಅಗಲಿಸಿ ಹಿಡಿದಳು.

“ಏನಕ್ಕ ಇದು? ಬೇಡ, ಪ್ಲೀಸ್.”

“ನೋಡ್ರಿ ಮೇಡಂ” ಎಂದಳು ಸುಭದ್ರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. “ನೀವು ನೋಡಿದ್ರ ನಾ ಮನಿಗಿ ಹೋಗತೀನಿ.”

ಬೃಂದಾ ನೋಡುವವರೆಗೂ ಅವಳು ಕದಲಲಿಲ್ಲ. ಅವತ್ತಿನಿಂದ ದಿನವೂ ಸಂಜೆ ಹಾಗೇ ಬಂದು ನಿಲ್ಲುತ್ತಾಳೆ, ಬೃಂದಾ ತಲೆ ತಗ್ಗಿಸಿಕೊಂಡು ಆ ಬ್ಯಾಗಿನೊಳಗೆ ನೋಡುತ್ತಾಳೆ.